ಯಾರ ಕೈಗೆ ಯಾವ ಪುಸ್ತಕ

(ವಾಚನ ಪಕ್ಷಾಚರಣೆಯ ಅಂಗವಾಗಿ ಕಾಸರಗೋಡಿನ ಒಂದು ಗ್ರಾಮ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಮಾಷ್ಟ್ರುಗಳೇ, ಟೀಚರುಗಳೇ, ಎದುರಿನ ಚಾಪೆಯಲ್ಲಿ ಕೂತ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಹೊರಗೆ ಮಳೆ ಜೋರಾಗಿದೆ, ಮಾಡಿನ ಶೀಟಿನ ಸದ್ದೂ ಜೋರಾಗಿದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಗಟ್ಟಿಯಾಗಿ ಹೇಳುತ್ತೇನೆ.

ಈ ವಾಚನ ಪಕ್ಷ ಶುರುವಾಗುವ ಜೂನ್ 19, ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ. 1945ರಲ್ಲಿ ಅವರು 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ತಿರುವಿದಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟುವಾಗ ನಮ್ಮ ಊರು ಆ ರಾಜ್ಯದಲ್ಲಿ ಇರಲಿಲ್ಲ. ನಾವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆ ಸೇರ್ಪಡೆಯ ನೋವು ಈ ಊರಿನ ಹಳಬರಿಗೆ ಇವತ್ತಿಗೂ ಆರಿಲ್ಲ, ನನಗೂ ಆರಿಲ್ಲ. ಆದರೆ ಹಳ್ಳಿ ಹಳ್ಳಿಗೊಂದು ವಾಚನಾಲಯ ಬೇಕು ಎಂಬ ಆ ಹಟ ನಮ್ಮ ಗುಡ್ಡೆಗೂ ಬಂದದ್ದು ಅದೇ ದಾರಿಯಲ್ಲಿ. ಈ ಕಟ್ಟಡ, ಈ ಕಪಾಟು, ಅದರಲ್ಲಿರುವ ಕನ್ನಡದ ಮೂರು ಸಾಲು, ಎಲ್ಲ ಆ ಹಟದಿಂದ ಆದದ್ದು.

ಸಂಘಟಕರು ನನ್ನ ಹತ್ತಿರ ಕೇಳಿದ್ದು ಒಂದು ಪಟ್ಟಿ. "ಓದಲೇಬೇಕಾದ ಇಪ್ಪತ್ತು ಪುಸ್ತಕ ಬರೆದುಕೊಡಿ, ಫ್ಲೆಕ್ಸಿನಲ್ಲಿ ಹಾಕುತ್ತೇವೆ" ಎಂದರು. ಎರಡು ರಾತ್ರಿ ಕೂತು ಬರೆದೆ. ಬರೆದದ್ದನ್ನು ಹರಿದೆ. ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಹಿಂದೆ ಕೂತಿದ್ದೇನೆ. ಪಟ್ಟಿ ಹಿಡಿದುಕೊಂಡು ಬಂದು ಪುಸ್ತಕ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ನಾನೇ ಎದ್ದು ಕಪಾಟಿಗೆ ಹೋಗಿ, ಒಂದು ಪುಸ್ತಕ ತೆಗೆದು, ನಡುವಿನ ಒಂದು ಪುಟ ಬಿಡಿಸಿ "ಇಲ್ಲಿಂದ ನಾಲ್ಕು ಸಾಲು ನೋಡಿ" ಎಂದು ಕೈಗೆ ಕೊಟ್ಟಾಗ ಹೊರಟ ಪುಸ್ತಕಗಳೇ ಹೆಚ್ಚು. ಪಟ್ಟಿಗೆ ಎದುರಿಗೆ ನಿಂತವರು ಯಾರೆಂದು ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ. ಅವರ ತೋಟ ಎಲ್ಲಿ, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಯಾವ ಮೇಳದ ಯಕ್ಷಗಾನ ಆಟಕ್ಕೆ ಹೋಗುತ್ತಾರೆ, ಎಲ್ಲ ಗೊತ್ತಿರುತ್ತದೆ. ಹಳ್ಳಿಯ ಲೈಬ್ರರಿಯಲ್ಲಿ ಕೆಲಸ ಮಾಡುವವರಿಗೆ ಇರುವ ದೊಡ್ಡ ಅನುಕೂಲ ಇದು.

ಗ್ರಂಥಾಲಯ ವಿಜ್ಞಾನ ಎಂದರೆ ಎಸ್.ಆರ್. ರಂಗನಾಥನ್. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗುವ ಮೊದಲು ಅವರು ಗಣಿತದ ಅಧ್ಯಾಪಕರು. ನಮ್ಮ ಪಕ್ಕದ ಮಂಗಳೂರಿನ ಸರಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1931ರಲ್ಲಿ ಅವರು ಐದು ಸೂತ್ರ ಬರೆದರು. ಅದರಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ನನಗೆ ಮೂರನೆಯದೇ ಹೆಚ್ಚು ತಟ್ಟುತ್ತದೆ. ಪುಸ್ತಕದ ಹಿಂದಿನ ರಟ್ಟಿಗೆ ಒಂದು ತಾರೀಕು ಚೀಟಿ ಅಂಟಿಸುತ್ತೇವಲ್ಲ, ಅದನ್ನು ನೋಡಿ. ದೊಡ್ಡ ಹೆಸರಿನ ಎಷ್ಟೋ ಪುಸ್ತಕಗಳ ಚೀಟಿ ಹತ್ತು ವರ್ಷದಿಂದ ಖಾಲಿ. ಅಂಥ ಪುಸ್ತಕ ಕಪಾಟಿನಲ್ಲಿ ಕೂತಿರುವುದನ್ನು ನೋಡುವಾಗ, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದೆ ಮೂಲೆಯಲ್ಲಿ ಕೂತ ಹಿರಿಯರನ್ನು ನೋಡಿದ ಹಾಗಾಗುತ್ತದೆ. ಬೇರೆ ಕಡೆ ಒಂದು ಕನ್ನಡ ಪುಸ್ತಕ ಒಂದು ಲೈಬ್ರರಿಯಲ್ಲಿ ಓದುಗರಿಲ್ಲದೆ ಬಿದ್ದರೆ ಇನ್ನೊಂದರಲ್ಲಿ ಓಡಾಡುತ್ತದೆ. ನಮ್ಮಲ್ಲಿ ಬಿದ್ದರೆ ಬಿತ್ತು. ಕನ್ನಡ ಪುಸ್ತಕದ ಅಂಗಡಿ ಬೇಕೆಂದರೆ ಗಡಿ ದಾಟಿ ಮಂಗಳೂರಿಗೋ ಪುತ್ತೂರಿಗೋ ಹೋಗಬೇಕಾದ ಊರು ಇದು.

ಪುಸ್ತಕಗಳ ಹೆಸರು ಹೇಳುವ ಮೊದಲು ಪೋಷಕರಿಗೆ ಒಂದು ಮಾತು ಹೇಳಬೇಕು. ನೀವು ಇಲ್ಲಿ ಬಂದು ಎಷ್ಟು ಸಲ ಹೇಳಿದ್ದೀರಿ: "ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಮಾತ್ರ ಕನ್ನಡ. ನಮ್ಮ ಮಗುವಿಗೆ ಕನ್ನಡ ಪುಸ್ತಕ ಕಷ್ಟ ಆಗ್ತದೆ." ಈ ಮಣ್ಣಿನಲ್ಲಿ ಕನ್ನಡ ಬರೆದವರನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದ ಕಯ್ಯಾರ ಕಿಂಞಣ್ಣ ರೈಗಳದ್ದು ತುಳು, ತುಳುವಿನಲ್ಲೂ ಕವಿತೆ ಬರೆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಮನೆಯಲ್ಲಿ ಆಡುತ್ತಿದ್ದದ್ದು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ. ಇವರಿಗೆಲ್ಲ ಕನ್ನಡ ಶಾಲೆಯಿಂದ, ಪುಸ್ತಕದಿಂದ, ಆಟದ ರಂಗಸ್ಥಳದಿಂದ ಬಂದ ಭಾಷೆ. ನಿಮ್ಮ ಮಗುವಿನ ನಾಲಗೆಯಲ್ಲಿ ಮೂರು ಭಾಷೆ ಇದೆಯೆಂದರೆ ಅದು ಈ ಮೂವರು ನಿಂತ ಜಾಗದಲ್ಲೇ ನಿಂತಿದೆ. ಕನ್ನಡ ಮನೆಮಾತಲ್ಲ ಎಂಬ ಕಾರಣಕ್ಕೆ ಪುಸ್ತಕ ಕೊಡದೆ ಇರಬೇಡಿ. ಈ ಒಂದು ಮಾತನ್ನು ಮನೆಗೆ ಕೊಂಡುಹೋದರೆ ನಾನು ಇವತ್ತು ಬಂದದ್ದು ಸಾರ್ಥಕ.

ಹಾಗಾದರೆ ಚಿಕ್ಕ ಮಕ್ಕಳಿಗೆ ಏನು ಕೊಡುವುದು? ಕಿವಿಯಿಂದ ಶುರು ಮಾಡಬೇಕು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಇವರ ಪದ್ಯಗಳನ್ನು ಗಟ್ಟಿಯಾಗಿ ಓದಿ. ಅರ್ಥ ಹೇಳುವ ಅವಸರ ಬೇಡ. ಮಗು ನಾಲ್ಕು ಸಲ ಕೇಳಿ ಐದನೇ ಸಲ ತಾನೇ ಹೇಳುತ್ತದೆ, ಅರ್ಥ ಆಮೇಲೆ ತಾನಾಗಿ ಬರುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಇಲ್ಲಿ ಶನಿವಾರ ಓದಿ ಹೇಳುತ್ತೇವೆ. ಇಲಿಗಳ ಸಾಲು ಬರುವಾಗ ಮಕ್ಕಳು ಚಾಪೆ ಬಿಟ್ಟು ಏಳುತ್ತಾರೆ. ತುಳು ಮನೆಯ ಮಗು, ಬ್ಯಾರಿ ಮನೆಯ ಮಗು, ಮರಾಠಿ ಮನೆಯ ಮಗು ಎಲ್ಲ ಒಟ್ಟಿಗೇ ಏಳುತ್ತವೆ. ಸ್ವಲ್ಪ ದೊಡ್ಡವರಿಗೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'. ಹನ್ನೆರಡು ಸಂಪುಟ, ತಿಂಗಳಿಗೊಂದು. ಅನುಪಮಾ ಅವರು ವೃತ್ತಿಯಲ್ಲಿ ಡಾಕ್ಟರು. ಮಕ್ಕಳಿಗೆ ಎಷ್ಟು ಕೊಟ್ಟರೆ ಜೀರ್ಣವಾಗುತ್ತದೆ ಎಂಬ ಅಂದಾಜು ಅವರಿಗಿತ್ತು ಎಂದು ಆ ಕಥೆಗಳ ಉದ್ದ ನೋಡಿದರೆ ಗೊತ್ತಾಗುತ್ತದೆ. ನಮ್ಮ ಸೆಟ್ಟಿನಲ್ಲಿ ಜುಲೈಯ ರಟ್ಟು ಕಿತ್ತುಹೋಗಿದೆ, ಡಿಸೆಂಬರ್ ಇನ್ನೂ ಹೊಸದಾಗಿದೆ. ಹಾಗಾದದ್ದು ಯಾಕೆಂದರೆ ಶಾಲೆ ಶುರುವಾದ ಉತ್ಸಾಹದಲ್ಲಿ ಜೂನ್, ಜುಲೈ ಓದುತ್ತಾರೆ, ಪರೀಕ್ಷೆ ಹತ್ತಿರ ಬಂದ ಹಾಗೆ ಅಪ್ಪ ಅಮ್ಮ ಕಥೆ ಪುಸ್ತಕ ಬಿಡಿಸುತ್ತಾರೆ. ಬಿಡಿಸಬೇಡಿ. ದಿನಕ್ಕೆ ಒಂದೇ ಕಥೆ ಅಲ್ಲವೇ.

ಈಗ ಹೇಳುವುದು ಏಳನೇ, ಎಂಟನೇ ತರಗತಿಯ ಹುಡುಗರ ವಿಷಯ. ಲೈಬ್ರರಿಯವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ಆ ಪ್ರಾಯದಲ್ಲಿ ತಪ್ಪಿಹೋದ ಹುಡುಗ ಮತ್ತೆ ಪುಸ್ತಕಕ್ಕೆ ಸಿಗುವುದು ಅಪರೂಪ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬರುತ್ತಿದ್ದ. ಪುಸ್ತಕಕ್ಕಾಗಿ ಬರುತ್ತಿರಲಿಲ್ಲ, ಇಲ್ಲಿನ ಕೇರಂ ಬೋರ್ಡಿಗಾಗಿ ಬರುತ್ತಿದ್ದ. ಶಾಲೆಯಲ್ಲಿ ಅವನನ್ನು ಓದಲು ಬಾರದವ ಎಂದು ಹಿಂದಿನ ಬೆಂಚಿಗೆ ಹಾಕಿದ್ದರು. ಒಂದು ದಿನ ಮಳೆಗೆ ಕರೆಂಟು ಹೋಗಿ ಆಟ ನಿಂತಿತು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, "ನಿನ್ನೆ ಸಾಯಂಕಾಲ ಏನು ಮಾಡಿದೆ?" ಅವನು ಹೇಳಿದ್ದು: ಅಪ್ಪನ ಜೊತೆ ಜೇನುಪೆಟ್ಟಿಗೆ ನೋಡಲು ಹೋಗಿದ್ದೆ, ಬರುವಾಗ ಕಂಗಿನ ಮರದಲ್ಲಿ ಹಾರುವ ಓತಿ ಕಂಡೆ, ಒಂದು ಮರದಿಂದ ಇನ್ನೊಂದಕ್ಕೆ ಹಾರಿತು, ಕುತ್ತಿಗೆಯ ಹತ್ತಿರ ಹಳದಿ ಚರ್ಮ ಬಿಚ್ಚುತ್ತದೆ. ಅವನು ಕೈಯಲ್ಲಿ ಮಾಡಿ ತೋರಿಸಿದ. ಹತ್ತು ನಿಮಿಷ ಹೇಳಿದ. ಓದಲು ಬಾರದವ ಎನಿಸಿಕೊಂಡ ಆ ಹುಡುಗ, ಪುಸ್ತಕ ಬರೆದವರು ನೋಡುವಷ್ಟೇ ಸೂಕ್ಷ್ಮವಾಗಿ ನೋಡಿದ್ದ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಕಾದಂಬರಿ. ಜೇನು, ಜೇನಿನ ಬಗ್ಗೆ ಎಲ್ಲ ಬಲ್ಲ ಮಂದಣ್ಣ ಎಂಬ ಹಳ್ಳಿಯ ಹುಡುಗ, ಅವನನ್ನು ಊರವರು ಶತದಡ್ಡ ಎಂದುಕೊಂಡಿರುವಾಗ ತನ್ನ ಸಮಕ್ಕೆ ಕೂರಿಸಿಕೊಳ್ಳುವ ಒಬ್ಬ ವಿಜ್ಞಾನಿ, ಆಮೇಲೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಒಂದು ತಂಡ. ನಾನು ಎದ್ದು ಹೋಗಿ ಅದನ್ನು ತಂದು ಅವನ ಕೈಯಲ್ಲಿಟ್ಟೆ. "ಇದರಲ್ಲಿ ನೀನು ನಿನ್ನೆ ನೋಡಿದ್ದು ಉಂಟು" ಎಂದೆ, ಅಷ್ಟೇ. ಅವನು ಅದನ್ನು ಹದಿನೈದು ದಿನ ಇಟ್ಟುಕೊಂಡ, ರಿನ್ಯೂ ಮಾಡಿಸಿದ, ಮತ್ತೆ ಹದಿನೈದು ದಿನ. ನಿಧಾನ ಓದು. ತಂದುಕೊಡುವಾಗ ಕೇಳಿದ ಪ್ರಶ್ನೆ ನನಗೆ ಇನ್ನೂ ಕಿವಿಯಲ್ಲಿದೆ: "ಅವರಿಗೆ ಅದನ್ನು ಹುಡುಕಲು ಅಷ್ಟು ದೂರ ಯಾಕೆ ಹೋಗಬೇಕಿತ್ತು? ನಮ್ಮ ತೋಟಕ್ಕೆ ಬರಬಹುದಿತ್ತಲ್ಲ?"

ನಿಜ ಅಲ್ಲವೇ. ಪಶ್ಚಿಮಘಟ್ಟದ ಈ ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲಿ ಇದೆ. ಕತ್ತೆತ್ತಿ ನೋಡುವವರು ಕಡಿಮೆ. ಆ ಹುಡುಗ ಆಮೇಲೆ 'ಪರಿಸರದ ಕತೆ', 'ಕಾಡಿನ ಕತೆಗಳು', 'ಜುಗಾರಿ ಕ್ರಾಸ್' ಮುಗಿಸಿದ. ಅದಾದ ಮೇಲೆ ನಾನು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೊಟ್ಟೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗುವ ಪುಸ್ತಕ, ನಗಿಸುತ್ತಾ ನಗಿಸುತ್ತಾ ಗಿಡದ ಹೆಸರು ಕಲಿಸಿಬಿಡುತ್ತದೆ. ಸ್ವಾಮಿಯವರೇ ಬಿಡಿಸಿದ ಚಿತ್ರಗಳೂ ಇವೆ. ಹುಡುಗರಿಗೆ ನೀತಿಕಥೆ ಕೊಡಬೇಡಿ ಎಂದು ನಾನು ಟೀಚರುಗಳ ಹತ್ತಿರ ಕೈಮುಗಿದು ಕೇಳುತ್ತೇನೆ. ಆ ಪ್ರಾಯಕ್ಕೆ ಉಪದೇಶ ಸಾಕಷ್ಟು ಸಿಗುತ್ತದೆ. ಕಣ್ಣಿಗೆ ಕೆಲಸ ಕೊಡುವ ಪುಸ್ತಕ ಬೇಕು.

ಅಂದಿನಿಂದ ನಾನು "ಯಾವ ಪುಸ್ತಕ ಬೇಕು" ಎಂದು ಕೇಳುವುದನ್ನು ಬಿಟ್ಟೆ. ಹೊಸಬರಾದರೆ "ನಿನ್ನೆ ಏನು ಮಾಡಿದಿರಿ" ಎಂದು ಕೇಳುತ್ತೇನೆ. ಯಾವ ಪುಸ್ತಕ ಎಂದರೆ ಜನ ನಾಚುತ್ತಾರೆ, ತಮಗೆ ಏನೂ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ನಿನ್ನೆಯ ವಿಷಯ ಎಲ್ಲರಿಗೂ ಗೊತ್ತಿರುತ್ತದೆ.

ಹೆಂಗಸರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಬರುವವರು ಹೆಚ್ಚಾಗಿ ಬೀಡಿ ಕಟ್ಟುವ ಅಕ್ಕಂದಿರು, ಕುಟುಂಬಶ್ರೀ ಮಹಿಳಾ ಸಂಘದವರು. ಬೀಡಿಗೂ ಓದಿಗೂ ಹಳೆಯ ನಂಟು. 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಶುರುವಾಯಿತಲ್ಲ, ಅದರ ಶೆಡ್ಡುಗಳಲ್ಲಿ ಒಬ್ಬರು ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು, ಓದುವವರ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿ ತುಂಬಿಕೊಡುವುದು, ಹೀಗೆ ನಡೆಯುತ್ತಿತ್ತು. ಓದಿಗೆ ಕೂಲಿ ಇದೆ ಎಂದು ಒಪ್ಪಿಕೊಂಡ ಕೆಲಸಗಾರರು ಅವರು. ನಮ್ಮ ಕಡೆ ಹೆಂಗಸರು ಮನೆ ಜಗಲಿಯಲ್ಲಿ ಒಬ್ಬೊಬ್ಬರೇ ಕೂತು ಕಟ್ಟುತ್ತಾರೆ. ಆದ್ದರಿಂದ ನಾವು ನಾಲ್ಕೈದು ಮನೆಯವರನ್ನು ಒಂದು ಜಗಲಿಗೆ ಸೇರಿಸಿ, ಹೈಸ್ಕೂಲಿನ ಹುಡುಗಿಯೊಬ್ಬಳಿಂದ ದಿನಕ್ಕೆ ಒಂದು ಅಧ್ಯಾಯ ಓದಿಸಲು ಶುರು ಮಾಡಿದೆವು.

ಮೊದಲು ಓದಿಸಿದ್ದು 'ಚಂದ್ರಗಿರಿಯ ತೀರದಲ್ಲಿ'. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಚಂದ್ರಗಿರಿ ಹೊಳೆ ನಮಗೆ ಯಾರಿಗೂ ಪುಸ್ತಕದ ಹೊಳೆಯಲ್ಲ, ಕಾಸರಗೋಡಿನ ಪಕ್ಕದಲ್ಲೇ ಹರಿಯುವ ನಮ್ಮ ಹೊಳೆ. ನಾದಿರಾ ಎಂಬ ಹುಡುಗಿಯನ್ನು ಅಪ್ಪ ಮದುವೆ ಮಾಡಿ ಕೊಡುತ್ತಾನೆ, ಗಂಡ ರಶೀದ್ ಒಳ್ಳೆಯವನೇ, ಆದರೆ ಅಪ್ಪನ ಹಟದಿಂದ ಆ ಸಂಸಾರ ಮುರಿಯುತ್ತದೆ. ಮತ್ತೆ ಒಂದಾಗಲು ಇಬ್ಬರಿಗೂ ಮನಸ್ಸಿದೆ, ನಡುವೆ ಒಂದು ಕಟ್ಟಳೆ ಬಂದು ನಿಲ್ಲುತ್ತದೆ. ಕೊನೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆ ಜಗಲಿಯಲ್ಲಿ ಎಲ್ಲ ಧರ್ಮದ ಹೆಂಗಸರೂ ಇದ್ದರು. ಅಪ್ಪ ಮಹಮ್ಮದ್ ಖಾನ್‌ನ ಮಾತು ಬಂದಾಗ ಒಬ್ಬ ಅಕ್ಕ ಬೀಡಿಯ ಎಲೆ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟು ಹೇಳಿದರು: "ಇವನು ಎಲ್ಲ ಜಾತಿಯಲ್ಲೂ ಉಂಟು." ಆ ಕಾದಂಬರಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ನನ್ನಲ್ಲಿ ಆ ಮಾತಿನಷ್ಟು ಉಳಿದಿಲ್ಲ. ಆಮೇಲೆ ಅವರು ಕೇಳಿ ಓದಿಸಿಕೊಂಡದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಮಲೆನಾಡಿನ ಒಬ್ಬ ಬಾಲವಿಧವೆಯ ದೀರ್ಘ ಬದುಕು. ಒಂದು ಮುಸ್ಲಿಂ ಮನೆಯ ಕಥೆ, ಒಂದು ಬ್ರಾಹ್ಮಣ ಮನೆಯ ಕಥೆ. ಎರಡನ್ನೂ ಒಂದರ ಹಿಂದೆ ಒಂದು ಓದಿದರೆ ಕಾಣುವುದು ಒಂದನ್ನೇ ಓದಿದರೆ ಕಾಣುವುದಿಲ್ಲ.

ಸಾರಾ ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ' ಕೂಡ ನಮ್ಮಲ್ಲಿದೆ. ಹೆಣ್ಣುಮಕ್ಕಳನ್ನು ಹೈಸ್ಕೂಲಿನ ನಂತರ ಓದಿಸಬೇಕೋ ಬೇಡವೋ ಎಂದು ಯೋಚಿಸುವ ಅಪ್ಪಂದಿರಿಗೆ ನಾನು ಅದನ್ನೇ ಕೊಡುವುದು. ಇತ್ತೀಚೆಗೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಕೇಳಿಕೊಂಡು ಬರುವವರಿದ್ದಾರೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಮಾಡಿದ ಆ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ, ಕನ್ನಡ ಗೊತ್ತಿಲ್ಲದ ಮಲಯಾಳಿ ಟೀಚರು ಕೂಡ "ಅದು ಕನ್ನಡದಲ್ಲಿ ಉಂಟಾ" ಎಂದು ಕೇಳಿದರು. ಆ ದಿನ ನನಗೆ ತುಂಬ ಸಂತೋಷವಾಯಿತು.

ಒಂದು ತಪ್ಪನ್ನೂ ಹೇಳಬೇಕು. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ, ತುಂಬ ಚುರುಕು, ಸಿಕ್ಕಿದ್ದೆಲ್ಲ ಓದುತ್ತಿದ್ದಳು. ನಾನು ಹೆಮ್ಮೆಯಿಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ಕನ್ನಡದ ಅತ್ಯುತ್ತಮ ಕಾದಂಬರಿ ಯಾವುದು ಎಂದು ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಅವಳು ಅದನ್ನು ವಾಪಸ್ ಕಳುಹಿಸಿದ್ದು ಎರಡು ತಿಂಗಳ ನಂತರ, ಅಮ್ಮನ ಕೈಯಲ್ಲಿ. ಒಂದು ವರ್ಷ ಇತ್ತ ಬರಲಿಲ್ಲ. ಅಷ್ಟು ದಪ್ಪ, ಅಷ್ಟು ಜನ, ಯಾರು ಯಾರಿಗೆ ಏನಾಗಬೇಕೆಂದು ಗೊತ್ತಾಗದೆ ತನಗೆ ಓದಲು ಬರುವುದಿಲ್ಲ ಎಂದು ತೀರ್ಮಾನಿಸಿದ್ದಳು. ಪುಸ್ತಕದ ದೊಡ್ಡತನ ನೋಡಿದೆ, ಓದುವವಳನ್ನು ನೋಡಲಿಲ್ಲ. ಅವಳು ಕಾಲೇಜಿಗೆ ಸೇರಿದ ಮೇಲೆ ಮತ್ತೆ ಸಿಕ್ಕಾಗ, ಬೇರೆ ಯಾರ ಹಿಂದೆಯೂ ಹೋಗಬೇಡ, ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಮಾತ್ರ ಹೋಗು ಎಂದೆ. ಹಾಗೆ ಹೋಗಿ ಮುಗಿಸಿದಳು.

ತೋಟದ ಕೆಲಸ ಮಾಡುವ ಹಿರಿಯರಿಗೆ ಪುಸ್ತಕ ಕೊಡುವುದು ಸುಲಭ, ಯಾಕೆಂದರೆ ಅವರಿಗೆ ಬೇಕಾದ್ದೇನು ಎಂದು ಅವರಿಗೇ ಗೊತ್ತು. ನೀರು. ನಮ್ಮ ಕೆಂಪುಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿಲ್ಲದೆ ನೀರನ್ನು ಹೊರಗೆ ಹರಿಸಿಕೊಂಡ ಹಿರಿಯರ ಮಕ್ಕಳು ನೀವು. ಆ ಸುರಂಗದ ಬಗ್ಗೆ, ಮಳೆನೀರನ್ನು ಇಂಗಿಸುವ ಬಗ್ಗೆ ಶ್ರೀಪಡ್ರೆಯವರು ಬರೆದದ್ದನ್ನು ಓದಿ. ಅವರು ನಮ್ಮ ಎಣ್ಮಕಜೆ ಪಂಚಾಯತಿನವರೇ. ಅವರ ಸಂಪಾದಕತ್ವದಲ್ಲಿ ಬೆಳೆದ 'ಅಡಿಕೆ ಪತ್ರಿಕೆ' 1988ರಿಂದ ಪುತ್ತೂರಿನಿಂದ ಬರುತ್ತಿದೆ, ಕೃಷಿಕರ ಕೈಗೆ ಲೇಖನಿ ಕೊಟ್ಟ ಪತ್ರಿಕೆ. ಹಳೆಯ ಸಂಚಿಕೆಗಳನ್ನು ಇಲ್ಲಿ ವರ್ಷವಾರು ಕಟ್ಟಿಟ್ಟಿದ್ದೇವೆ. ನೀರಿನ ವಿಷಯ ಮುಗಿದ ಮೇಲೆ, ಸಂಜೆ ಕೂತು ಓದಲು ಶಿವರಾಮ ಕಾರಂತರ 'ಬೆಟ್ಟದ ಜೀವ' ಕೊಂಡುಹೋಗಿ. ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ, ಹೆಂಡತಿ ಶಂಕರಮ್ಮ, ಮನೆ ಬಿಟ್ಟು ಹೋದ ಮಗ. 1943ರ ಪುಸ್ತಕ ಅದು. ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ತೋಟದಲ್ಲಿ ಇಬ್ಬರೇ ಉಳಿದ ಮನೆಗಳು ನಮ್ಮ ವಾರ್ಡಿನಲ್ಲಿ ಎಷ್ಟಿವೆ, ನೀವೇ ಎಣಿಸಿ. ಆ ಪುಸ್ತಕ ವಾಪಸ್ ಕೊಡುವಾಗ ಒಬ್ಬ ಹಿರಿಯರು ಏನೂ ಮಾತಾಡಲಿಲ್ಲ, ಹೊರಗೆ ಹೋಗಿ ಮಗನಿಗೆ ಫೋನು ಮಾಡಿದರು.

ಎಣ್ಮಕಜೆ ಎಂದ ಮೇಲೆ ಇನ್ನೊಂದು ಮಾತು ಬಿಡುವ ಹಾಗಿಲ್ಲ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದ ಊರು ನಮ್ಮದು. ಅದರ ಬಗ್ಗೆ ಅಂಬಿಕಾಸುತನ್ ಮಾಂಙಾಡ್ ಅವರು ಮಲಯಾಳದಲ್ಲಿ ಬರೆದ ಕಾದಂಬರಿಗೆ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ, 'ಎನ್‌ಮಕಜೆ'. ಮಲಯಾಳ ಓದಲು ಬರುವ ಕನ್ನಡಿಗರು ಅದನ್ನು ಓದಬೇಕು. ಇಂಥದ್ದನ್ನು ಮರೆಯುವ ಹಕ್ಕು ನಮಗಿಲ್ಲ.

ಕಣ್ಣು ಮಂಜಾದವರು, ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ರಾತ್ರಿಯಿಡೀ ಆಟ ನೋಡಿದವರು. ಇವರಿಗೆ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು. ಆ ಪ್ರಸಂಗಗಳೆಲ್ಲ ಅವನದ್ದೇ ಹೌದೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಜಗಳವೇ ನಡೆದಿದೆ, ಕಾರಂತರೂ ಅದರಲ್ಲಿದ್ದರು. ನನಗೆ ಆ ಜಗಳಕ್ಕಿಂತ ಮುಖ್ಯವಾದದ್ದು, ಮೊಮ್ಮಗ ಒಂದು ಪದ ತಡವರಿಸಿಕೊಂಡು ಓದಿದರೆ ಅಜ್ಜ ಕಣ್ಣುಮುಚ್ಚಿ ಉಳಿದ ಪದ ಪೂರ್ತಿ ಹಾಡುವುದು. ಕುಮಾರವ್ಯಾಸ ಭಾರತವೂ ಹಾಗೆಯೇ, ಗಟ್ಟಿಯಾಗಿ ಓದದೆ ಅದರ ರುಚಿ ಹತ್ತುವುದಿಲ್ಲ. ಒಂದು ಪುಸ್ತಕಕ್ಕೆ ಇಬ್ಬರು ಓದುಗರು ಬೇಕಾಗುವ ಇಂಥ ಪುಸ್ತಕಗಳನ್ನು ನಾವು ಒಂದು ತಿಂಗಳ ಮಟ್ಟಿಗೆ ಕೊಡುತ್ತೇವೆ.

ಸರಕಾರಿ ಕೆಲಸಕ್ಕೆಂದು ಪಿಎಸ್‌ಸಿ ಪರೀಕ್ಷೆಗೆ ಓದುವ ತಮ್ಮಂದಿರು, ತಂಗಿಯರು ಆ ಕಿಟಕಿಯ ಮೇಜಿನಲ್ಲಿ ಕೂರುತ್ತಾರೆ. ರ‍್ಯಾಂಕ್ ಫೈಲ್ ಎಂಬ ಪರೀಕ್ಷಾ ಗೈಡು ಬಿಟ್ಟು ತಲೆ ಎತ್ತುವುದಿಲ್ಲ. ಅವರ ಕಷ್ಟ ನನಗೆ ಗೊತ್ತು, ಕಾದಂಬರಿ ಓದಿ ಎಂದು ಒತ್ತಾಯ ಮಾಡುವುದಿಲ್ಲ. ಆದರೆ ಕಯ್ಯಾರರ ಆತ್ಮಕಥೆ 'ದುಡಿತವೇ ನನ್ನ ದೇವರು' ಒಂದನ್ನು ಓದಿ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಮನುಷ್ಯ. ಸ್ವಾತಂತ್ರ್ಯ ಹೋರಾಟ, ಶಾಲೆಮಾಷ್ಟ್ರಿಕೆ, ಪಂಚಾಯತು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿ, ಬೇಸಾಯ ಎಲ್ಲ ಒಂದೇ ಬದುಕಿನಲ್ಲಿ. ರ‍್ಯಾಂಕ್ ಫೈಲಿನಲ್ಲಿ ಒಂದು ಸಾಲಿನಲ್ಲಿ ಬರುವ ಇಸವಿಗಳಿಗೆ ಅಲ್ಲಿ ಮುಖ ಸಿಗುತ್ತದೆ.

ಕವಿತೆ ಕೇಳುವವರು ವರ್ಷಕ್ಕೆ ಮೂರೋ ನಾಲ್ಕೋ ಜನ, ಅವರು ಬಂದರೆ ನನಗೆ ಹಬ್ಬ. ಗೋವಿಂದ ಪೈಗಳ 'ಗೊಲ್ಗೊಥಾ' ಮತ್ತು 'ವೈಶಾಖಿ' ಒಟ್ಟಿಗೆ ಓದಬೇಕು. ಮೊದಲನೆಯದು ಕ್ರಿಸ್ತನ ಕೊನೆಯ ದಿನ, ಎರಡನೆಯದು ಬುದ್ಧನ ಕೊನೆಯ ದಿನ. ಮಂಜೇಶ್ವರದ ಒಂದು ಮನೆಯಲ್ಲಿ ಕೂತು ಕೊಂಕಣಿ ಮನೆಮಾತಿನ ಒಬ್ಬರು ಜೆರುಸಲೇಮಿನ ಬಗ್ಗೆ, ಕುಶಿನಗರದ ಬಗ್ಗೆ ಕನ್ನಡದಲ್ಲಿ ಬರೆದರು. ಭಾಷೆ ಗಟ್ಟಿ ಇದೆ, ಹಳಗನ್ನಡದ ನೆರಳಿದೆ, ನಿಘಂಟು ಪಕ್ಕದಲ್ಲಿರಲಿ. ಇಂದಿನ ಭಾಷೆಯಲ್ಲೇ ಬೇಕೆನ್ನುವವರಿಗೆ ಕಾರಡ್ಕದ ಕೆ.ವಿ. ತಿರುಮಲೇಶ್. ಅವರ 'ಅಕ್ಷಯ ಕಾವ್ಯ'ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಅದರಿಂದ ಶುರು ಮಾಡಬೇಡಿ, ಅದು ಬಹಳ ಉದ್ದದ ನಡಿಗೆ. ಮೊದಲು ಅವರ ಬಿಡಿ ಕವಿತೆಗಳನ್ನು ಓದಿ, ಅವರ ದನಿ ಕಿವಿಗೆ ಒಗ್ಗಲಿ.

ಇನ್ನು ಮಲಯಾಳದ ಕಪಾಟು. ನಮ್ಮಲ್ಲಿ ಕೆಲವರು ಕನ್ನಡದ ಅಭಿಮಾನದಲ್ಲಿ ಆ ಕಡೆ ತಿರುಗುವುದೇ ಇಲ್ಲ. ಮಕ್ಕಳಿಗೆ ಮಲಯಾಳ ಓದಲು ಬರುತ್ತದೆ, ವೈಕಂ ಮುಹಮ್ಮದ್ ಬಷೀರ್ ಅವರನ್ನು ಬಷೀರ್ ಬರೆದ ಭಾಷೆಯಲ್ಲೇ ಓದುವ ಭಾಗ್ಯ ಬೆಂಗಳೂರಿನ ಕನ್ನಡಿಗನಿಗೆ ಇಲ್ಲ, ನಮಗಿದೆ. 'ಪಾತುಮ್ಮಾಯುಡೆ ಆಡ್' ಕೊಂಡುಹೋಗಿ. ಆಡು ಪುಸ್ತಕ ತಿನ್ನುವ ಕಥೆ, ಲೈಬ್ರರಿಯವರಿಗೆ ಸ್ವಲ್ಪ ಸಂಕಟದ್ದು, ಆದರೂ ನನಗೆ ಪ್ರೀತಿಯದು. ಹಾಗೆಯೇ ಮಲಯಾಳಿ ನೆರೆಯವರು ಕನ್ನಡ ಕಲಿಯುತ್ತಿದ್ದರೆ ಅವರನ್ನು ಮಕ್ಕಳ ಕಪಾಟಿನ ಹತ್ತಿರವೇ ಕರೆದುಕೊಂಡು ಬನ್ನಿ, ನಾಚಿಕೆ ಬೇಡ.

ಮಾತು ಉದ್ದವಾಯಿತು, ಮಳೆಯೂ ಸ್ವಲ್ಪ ಇಳಿದಿದೆ. 'ಕರ್ವಾಲೊ' ಒಂದನ್ನು ಬಿಟ್ಟು ನಾನು ಹೇಳಿದ ಪುಸ್ತಕಗಳೆಲ್ಲ ಆ ಉದ್ದದ ಮೇಜಿನ ಮೇಲೆ ಇವೆ. ಪ್ರತಿಯೊಂದಕ್ಕೂ ಹೊಸ ತಾರೀಕು ಚೀಟಿ ಅಂಟಿಸಿದ್ದೇನೆ. ಮೆಂಬರ್ ಆಗದವರು ಆಧಾರ್ ತಂದಿಲ್ಲವೆಂದು ಹಿಂದೆ ಹೋಗಬೇಡಿ, ಇವತ್ತು ಹೆಸರು, ಮನೆಹೆಸರು ಬರೆದರೆ ಸಾಕು. 'ಕರ್ವಾಲೊ' ಒಂದೇ ಪ್ರತಿ ಇರುವುದು, ಅದು ಈಗ ಆರನೇ ವಾರ್ಡಿನ ಒಂದು ಮನೆಯಲ್ಲಿದೆ, ಎರಡನೇ ಶನಿವಾರ ಬರುತ್ತದೆ. ಬೇಕಾದವರು ರಿಜಿಸ್ಟರಿನ ಕೊನೆಯ ಪುಟದಲ್ಲಿ ಹೆಸರು ಬರೆಸಿ. ಉಳಿದವರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ನಿನ್ನೆ ಏನು ಮಾಡಿದಿರಿ ಎಂದು ಮೊದಲು ಹೇಳಿ.